ಸಹಾಯ ಬೇಕು: ಅಜ್ಜಿಯ ಬೀಸುಕಲ್ಲಿನ ಪದ ಬರೆದಿಡುವ ಕೆಲಸ ಅರ್ಧಕ್ಕೇ ನಿಂತಿದೆ

ಎಲ್ಲರಿಗೂ ನಮಸ್ಕಾರ. ಯುಗಾದಿಗೆ ಊರಿಗೆ ಹೋದಾಗ ಅಜ್ಜಿಯ ಕೈಲಿ ರಾಗಿ ಬೀಸುವ ಪದಗಳನ್ನು ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಒಟ್ಟು 64 ತ್ರಿಪದಿ. ಎಲ್ಲ ಬರೆದು ಚಿಕ್ಕ ಪುಸ್ತಕ ಮಾಡಿಸಿ ನೆಂಟರಿಗೆಲ್ಲ ಹಂಚಬೇಕು ಅಂತ ಭಾರಿ ಹುರುಪು. ಮೊದಲ ವಾರ ರಾತ್ರಿ ಹನ್ನೆರಡರವರೆಗೂ ಕೂತು 19 ಬರೆದೆ. ಆಮೇಲೆ ಆ ಫೈಲ್ ತೆರೆದೇ ಇಲ್ಲ.

ಸೋಮಾರಿತನ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಕೆಲಸವೂ ತಲೆನೋವಿನದೇ. ಅಜ್ಜಿ ಎರಡನೇ ಸಾಲನ್ನು ಮತ್ತೊಮ್ಮೆ ಎಳೆದು ಹಾಡುತ್ತಾರೆ, ಮೂರು ಸಾಲು ನಾಲ್ಕಾಗುತ್ತದೆ. ಅದನ್ನೂ ಬರೆಯಬೇಕಾ, ಬಿಡಬೇಕಾ? ಹಿಂದೆ ಕಲ್ಲಿನ ಗರಗರ ಬೇರೆ. ಒಂದು ಕಡೆ ‘ತೌರು’ ಅಂದರೋ ‘ತೇರು’ ಅಂದರೋ, ಹತ್ತು ಸಲ ಕೇಳಿದರೂ ತಿಳಿಯಲಿಲ್ಲ. ಅಜ್ಜಿಯನ್ನೇ ಕೇಳಿದರೆ, “ಹಾಡುದ್ರೆ ಬತ್ತದೆ, ಹೇಳು ಅಂದ್ರೆ ಮರ್ತೋಯ್ತದೆ ಕಲಾ” ಅಂದರು. ಅಲ್ಲಿಗೇ ನಿಂತೆ.

ಇಂಥ ಕೆಲಸ ಕೊನೆ ಮುಟ್ಟಿಸಿದವರು ಇದ್ದೀರಾ? ದಿನಕ್ಕೆ ಒಂದೇ ಪದ ಅಂತ ಇಟ್ಟುಕೊಂಡರೆ ಸಾಗುತ್ತಾ, ಇಲ್ಲ ಯಾರಾದರೂ ಜೊತೆಗಿದ್ದರೆ ವಾಸಿನಾ? ಮಂಡ್ಯ ಕಡೆಯ ಮಾತು ಬಲ್ಲವರು ಭಾನುವಾರ ಅರ್ಧ ಗಂಟೆ ಕೂತು ಕೇಳಿಸಿಕೊಂಡರೂ ಸಾಕು, ಆಡಿಯೋ ಕಳಿಸುತ್ತೇನೆ. ಅಜ್ಜಿ ಫೋನ್ ಮಾಡಿದಾಗೆಲ್ಲ “ನನ್ ಪದ ಎಲ್ಗಂಟ ಬಂತ್ಲಾ?” ಅಂತಾರೆ. ನಾನು ಸುಮ್ನೆ ಮಾತು ಮರೆಸುತ್ತಿದ್ದೇನೆ.