ಎಥಿಕ್ಸ್ ಕ್ವಿಜ್‌ನಲ್ಲಿ ಫುಲ್ ಮಾರ್ಕ್ಸು, ಗ್ರಾಫ್‌ನಲ್ಲಿ ಎರಡು ರೀಡಿಂಗ್ ಮಾಯ

ಪ್ರಶ್ನೆ: ನಮಸ್ಕಾರ ಮೇಡಂ. ಕೆಲಸಕ್ಕೆ ಸೇರಿ ಇದು ಎರಡನೇ ವರ್ಷ, ಪಿಎಚ್‌ಡಿ ಹುಡುಗರಿಗೆ ರಿಸರ್ಚ್ ಎಥಿಕ್ಸ್ ಪಾಠ ಈ ಸಲ ನನ್ನ ತಲೆಗೆ ಕಟ್ಟಿದಾರೆ. ಕೃತಿಚೌರ್ಯ ತಪ್ಪು, ಡೇಟಾ ತಿದ್ದೋದು ತಪ್ಪು ಅಂತ ಸ್ಲೈಡ್ ಹಾಕಿ ಹೇಳಿದೆ, ಕ್ವಿಜ್‌ನಲ್ಲಿ ಎಲ್ಲರಿಗೂ ಫುಲ್ ಮಾರ್ಕ್ಸು. ಮರುವಾರ ಅದೇ ಕ್ಲಾಸಿನ ಒಬ್ಬ ಗ್ರಾಫ್ ತಂದ, ಹನ್ನೆರಡು ರೀಡಿಂಗ್ ಇರಬೇಕಾದ ಕಡೆ ಹತ್ತೇ ಇದೆ. ಇನ್ನೆರಡು ಎಲ್ಲಪ್ಪಾ ಅಂದ್ರೆ "ಲೈನ್ ಮೇಲೆ ಬರ್ತಿರಲಿಲ್ಲ ಸರ್, ತೆಗೆದೆ" ಅಂದ, ಮುಖದಲ್ಲಿ ಚೂರೂ ಅಳುಕಿಲ್ಲ. ಹೆಂಗೆ ಕಲಿಸೋದು ಇದನ್ನ?

ಉತ್ತರ: ಬಯ್ಯೋಕೆ ಹೋಗ್ಬೇಡಿ ಸರ್. "ಡೇಟಾ ತಿದ್ದೋದು" ಅಂದಾಗ ಅವನ ಕಣ್ಮುಂದೆ ಬಂದಿದ್ದು ಯಾರೋ ಕಳ್ಳ, ತಾನು ಮಾಡ್ತಿರೋದು ಬರೀ ಕ್ಲೀನಿಂಗ್ ಅಂದ್ಕೊಂಡಿದಾನೆ. ನಾನಂತೂ ಸ್ಲೈಡ್ ಬಿಟ್ಟು ಎಷ್ಟೋ ಕಾಲ ಆಯ್ತು, ಅವರವರ ಲ್ಯಾಬ್ ನೋಟ್‌ಬುಕ್ಕೇ ತರಿಸ್ತೀನಿ. ತಪ್ಪಾದ ಅಂಕಿ ಮೇಲೆ ಒಂದೇ ಗೆರೆ, ಕೆಳಗಿರೋದು ಓದೋಕೆ ಬರಬೇಕು, ಪಕ್ಕದಲ್ಲಿ ತಾರೀಖು, ಸಹಿ, ಕಾರಣ. ವೈಟ್ನರ್ ಕಂಡ್ರೆ ಅವತ್ತಿನ ಕ್ಲಾಸೆಲ್ಲಾ ಅದೇ ಪುಟದ ಮೇಲೆ. ಯಾವ ರೀಡಿಂಗ್ ಬಿಡ್ತೀವಿ ಅನ್ನೋದು ಪ್ರಯೋಗಕ್ಕೆ ಮುಂಚೆನೇ ಬರೆದಿರಬೇಕು, ಗ್ರಾಫ್ ನೋಡಿದ ಮೇಲೆ ಹುಟ್ಟೋ ರೂಲ್ ನಮಗೆ ಬೇಕಾದ ಹಾಗೇ ಹುಟ್ಟುತ್ತೆ.

ಆಮೇಲೆ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಸಂಸ್ಥೆಲಿದ್ದ ಭೌತವಿಜ್ಞಾನಿ ಯಾನ್ ಹೆಂಡ್ರಿಕ್ ಶ್ಯೋನ್ ಕೇಸ್ ತಗೊಳ್ಳಿ. ಬೇರೆ ಬೇರೆ ಪ್ರಯೋಗದ್ದು ಅಂತ ಹಾಕಿದ್ದ ಗ್ರಾಫ್‌ಗಳಲ್ಲಿ ನಾಯ್ಸ್ ಕೂಡ ಒಂದೇ ಥರ ಇತ್ತು, ನಾಯ್ಸ್ ಅಂದ್ರೆ ತಾನಾಗೇ ಬರೋ ಅಂಕುಡೊಂಕು, ಅದು ಎರಡು ಸಲ ಒಂದೇ ಥರ ಬರೋದುಂಟಾ! 2002ರ ತನಿಖೆಯಲ್ಲಿ ನೋಟ್‌ಬುಕ್ ಕೇಳಿದ್ರೆ ಸರಿಯಾಗಿ ಇಟ್ಟಿಲ್ಲ, ಮೂಲ ಫೈಲ್ ಕೇಳಿದ್ರೆ ಕಂಪ್ಯೂಟರ್‌ನಲ್ಲಿ ಜಾಗ ಸಾಲದೆ ಡಿಲೀಟ್ ಮಾಡಿದೆ ಅಂತ. 24 ಆರೋಪದಲ್ಲಿ 16 ಸಾಬೀತಾಯ್ತು. ನಾನು ಹೆಸರು ಹೇಳದೆ ಅಂಥ ಎರಡು ಗ್ರಾಫ್ ಅಳತೆ ಹೊಂದಿಸಿ ಪ್ರಿಂಟ್ ಕೊಡ್ತೀನಿ, ಕಿಟಕಿ ಬೆಳಕಿಗೆ ಒಂದರ ಮೇಲೊಂದು ಹಿಡಿದಾಗ ಕ್ಲಾಸ್ ಸುಮ್ಮನಾಗಿಬಿಡುತ್ತೆ.

ಇನ್ನೊಬ್ಬರು: ನಡುವೆ ಬಾಯಿ ಹಾಕ್ತಿದೀನಿ ಮೇಡಂ, ಕ್ಷಮಿಸಿ. ಎರಡು ಪಾಯಿಂಟ್ ತೆಗಿ ಅಂತ ಗೈಡೇ ಹೇಳಿದ್ರೆ ಏನ್ಮಾಡೋದು?

ಉತ್ತರ: ಇದು ನಿಜವಾದ ತಲೆನೋವು. ನೆದರ್ಲೆಂಡ್ಸ್‌ನ ಟಿಲ್ಬರ್ಗ್ ಯೂನಿವರ್ಸಿಟಿಲಿ ಮನಃಶಾಸ್ತ್ರದ ಪ್ರೊಫೆಸರ್ ಆಗಿದ್ದ ಡೀಡರಿಕ್ ಸ್ಟಾಪೆಲ್ ತಾನೇ ಕೂತು ಕಟ್ಟಿದ ಡೇಟಾನ ವಿದ್ಯಾರ್ಥಿಗಳ ಕೈಗೆ ರೆಡಿಮೇಡ್ ಕೊಡ್ತಿದ್ದ, 2011ರಲ್ಲಿ ಹಿಡಿದುಕೊಟ್ಟಿದ್ದು ಮೂವರು ಕಿರಿಯ ಸಂಶೋಧಕರು, ಅದೂ ತಿಂಗಳುಗಟ್ಟಲೆ ಗಮನಿಸಿ ಆಮೇಲೆ. ನೀವೂ ಮೊದಲೇ ಜಗಳಕ್ಕೆ ಇಳೀಬೇಡಿ. ಮೂಲ ಫೈಲ್ ಮುಟ್ಟದೆ ಕಾಪಿಯಲ್ಲಿ ಕೆಲಸ ಮಾಡಿ, "ಸರ್, ಈ ಎರಡನ್ನ ಬಿಡೋಕೆ ಕಾರಣ ಏನಂತ ಪೇಪರ್‌ನಲ್ಲಿ ಬರೀಲಿ?" ಅಂತ ಮೇಲ್‌ನಲ್ಲಿ ಕೇಳಿ. ಕಾರಣ ಇದ್ರೆ ಬರೆದು ಕಳಿಸ್ತಾರೆ. ಬರೀ ಫೋನ್ ಮಾಡಿದ್ರೆ ನಿಮಗೇ ಅರ್ಥ ಆಗುತ್ತೆ, ಆಗ ಎಥಿಕ್ಸ್ ಕಮಿಟಿಯಲ್ಲಿ ಯಾರಿದಾರೆ ನೋಡ್ಕೊಳ್ಳಿ.

ಪ್ರಶ್ನೆ ಕೇಳಿದವರು: ಮೇಡಂ, ನೋಟ್‌ಬುಕ್ ತರಿಸಿದೆ. ಒಂದು ರೀಡಿಂಗ್ ಪಕ್ಕದಲ್ಲಿ "ಲ್ಯಾಂಪ್ ಇನ್ನೂ ಬಿಸಿ ಆಗಿರಲಿಲ್ಲ" ಅಂತ ಪೆನ್ಸಿಲ್‌ನಲ್ಲಿ ಬರೆದಿದಾನೆ, ಇನ್ನೊಂದಕ್ಕೆ ಏನೂ ಇಲ್ಲ.

ಉತ್ತರ: ಮೊದಲನೇದು ಬಿಡಲಿ, ಕಾರಣ ಸಮೇತ. ಎರಡನೇದು ಗ್ರಾಫ್‌ಗೆ ವಾಪಸ್. ಆ ಪೆನ್ಸಿಲ್ ಕಿತ್ಕೊಂಡು ಪೆನ್ ಕೊಡಿ ಸರ್.