4ನೇ ಮೇನ್ ಬಸ್ಸುಗಳ ವಿಷಯ: ಇವತ್ತು ತೀರ್ಮಾನ ಆಗಲೇಬೇಕು

ಮನೆ 31, ಬೆಳಗ್ಗೆ 5:48
ರಾತ್ರಿ ಯಾರಿಗಾದರೂ ನಿದ್ದೆ ಬಂತಾ? ಒಂದೂವರೆಗೆ ಮತ್ತೆ ಅದೇ ಐಟಿ ಕಂಪನಿಯ ಬಿಳಿ ಬಸ್ಸು. ರಿಂಗ್ ರೋಡಿನಲ್ಲಿ ಮೆಟ್ರೋ ಕೆಲಸ ಅಂತ ನಮ್ಮ ಮೇನಿಗೆ ನುಗ್ಗಿ, ಮೂಲೆಯಲ್ಲಿ ತಿರುಗಿಸಲು ಆಗದೆ ರಿವರ್ಸ್ ತೆಗೆದು, ಮೋರಿ ಚಪ್ಪಡಿ ಮುರಿದು, ಕಂಬಕ್ಕೆ ಗುದ್ದಿ ಹೋದ. ಕರೆಂಟ್ ಇನ್ನೂ ಬಂದಿಲ್ಲ. ಮೋರಿ ನೀರು ಗೇಟಿನ ಒಳಗೆ ಬಂದಿದೆ. ಅತ್ತೆಗೆ ನೆಬ್ಯುಲೈಸರ್ ಹಾಕಲು ಆ ಹೊತ್ತಿನಲ್ಲಿ ನರ್ಸಿಂಗ್ ಹೋಮಿಗೆ ಓಡಿದ್ದೇವೆ. ಕಂಪನಿಗಳು ಬೆಂಗಳೂರು ಬಿಟ್ಟು ಹೋಗುತ್ತೇವೆ ಅಂತ ಹೆದರಿಸುತ್ತಾರಲ್ಲ, ಹೋಗಲಿ! ವಿಶಾಖಪಟ್ಟಣಕ್ಕೆ ಹೋಗಲಿ, ಎಲ್ಲಿಗಾದರೂ ಹೋಗಲಿ. ಅವರು ಬಂದು ನಮಗೆ ಏನು ಸಿಕ್ಕಿದೆ ಹೇಳಿ.

ಮನೆ 4, ಬೆಳಗ್ಗೆ 6:02
ಶುಭ ಶುಕ್ರವಾರ. ಮಹಾಲಕ್ಷ್ಮಿ ಎಲ್ಲರಿಗೂ ಒಳ್ಳೆಯದು ಮಾಡಲಿ 🙏

ಮನೆ 22, ಬೆಳಗ್ಗೆ 6:20
ಅಕ್ಕ, ಅತ್ತೆ ಈಗ ಹೇಗಿದ್ದಾರೆ? ಬಸ್ಸಿನ ಮೇಲೆ ಸಿಟ್ಟು ನ್ಯಾಯವೇ. ಆದರೆ ಹೋಗಲಿ ಅಂತ ಮಾತ್ರ ಅನ್ನಬೇಡಿ. ನಾನು ಹಾವೇರಿಯಿಂದ ಬಂದವನು, ನನ್ನ ಮನೆ ನಡೆಯುವುದೇ ಈ ರಿಂಗ್ ರೋಡಿನ ಕಂಪನಿ ಕೆಲಸದಿಂದ.

ಮನೆ 31, ಬೆಳಗ್ಗೆ 6:24
ಅತ್ತೆ ಪರವಾಗಿಲ್ಲ ಈಗ. ಅಡ್ಮಿನ್ ಎಲ್ಲಿ? ಹೋದ ಸಲ ಬರೆದ ಕಾಗದ ಯಾರ ಹತ್ತಿರ ಇದೆ?

ಮನೆ 7, ಬೆಳಗ್ಗೆ 6:41
ನಾನು ಹೇಳುವುದನ್ನು ಪೂರ್ತಿ ಓದಿ. ನಾನು ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವನು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಈ ಕಾರ್ಖಾನೆಗಳೆಲ್ಲ ಬಂದಾಗ ಜೊತೆಗೆ ಏನು ಬಂತು? ಕ್ವಾರ್ಟರ್ಸ್ ಬಂತು, ಶಾಲೆ, ಆಸ್ಪತ್ರೆ, ಆಟದ ಮೈದಾನ ಬಂತು. ಐಟಿಐ ಕ್ವಾರ್ಟರ್ಸ್ ಇರುವ ದೂರವಾಣಿನಗರಕ್ಕೆ ಹೋಗಿ ಆ ರಸ್ತೆ ಅಗಲ ನೋಡಿ, ಆ ಮರ ನೋಡಿ. ಎಸ್ಸೆಸ್ಸೆಲ್ಸಿ, ಐಟಿಐ ಕೋರ್ಸ್ ಓದಿದ ಹುಡುಗನಿಗೂ ಪರ್ಮನೆಂಟ್ ಕೆಲಸ ಇತ್ತು, ಪಿಎಫ್ ಇತ್ತು, ಕ್ಯಾಂಟೀನ್ ಊಟ ಇತ್ತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬಂದ ಮೇಲೆ ಲೆಕ್ಕವೇ ಬದಲಾಯಿತು. ಈಗ ಬಾಡಿಗೆಗೆ ಗಾಜಿನ ಕಟ್ಟಡ ಹಿಡಿಯುತ್ತಾರೆ, ರಸ್ತೆ ನೀರು ಮೋರಿ ಎಲ್ಲ ನಾವೇ ಕೊಡಬೇಕು, ಬೇಡ ಅನಿಸಿದ ದಿನ ಲೀಸ್ ಮುಗಿಸಿ ಹೊರಡುತ್ತಾರೆ. ಇದನ್ನು ನಾನು ಪ್ರತಿ ಮೀಟಿಂಗಿನಲ್ಲೂ ಹೇಳಿದ್ದೇನೆ, ಯಾರೂ ಕೇಳಲಿಲ್ಲ.

ಪಿಜಿ ಮನೆ 12, ಬೆಳಗ್ಗೆ 7:05
ಅಂಕಲ್, ನಿಮ್ಮ ಕ್ವಾರ್ಟರ್ಸ್ ಕಥೆ ಸರಿ. ನಮ್ಮಪ್ಪನಿಗೆ ಅಲ್ಲಿ ಕೆಲಸ ಸಿಗಲಿಲ್ಲ. ನಾವು ಇದೇ ಊರಿನವರು. ಈ ಲೇಔಟ್ ಇರುವ ಜಾಗದಲ್ಲಿ ನಮ್ಮ ಅಜ್ಜಿ ರಾಗಿ ಕೊಯ್ದಿದ್ದಾರೆ. ಜಮೀನು ಹೋಯಿತು, ದುಡ್ಡು ಅಣ್ಣತಮ್ಮಂದಿರಲ್ಲಿ ಹಂಚಿಹೋಯಿತು, ಉಳಿದ ಒಂದು ಸೈಟಿನಲ್ಲಿ ಪಿಜಿ ಕಟ್ಟಿದೆ. ಕೋವಿಡ್‌ನಲ್ಲಿ ಕಂಪನಿ ಬೇರೆ ರಾಜ್ಯಕ್ಕೇನೂ ಹೋಗಿರಲಿಲ್ಲ, ಹುಡುಗರು ಊರಿಗೆ ಹೋದರು ಅಷ್ಟೇ. ಆಗ ಏನಾಯಿತು? ಪಿಜಿ ಖಾಲಿ, ಮೆಸ್ ಬಂದ್, ಮೂಲೆಯ ಇಸ್ತ್ರಿಯವರು ಗುಲ್ಬರ್ಗಾಕ್ಕೆ ವಾಪಸ್ಸು. ಬ್ಯಾಂಕಿನವರು ಕಂತು ಕೇಳುವುದು ಮಾತ್ರ ನಿಲ್ಲಿಸಲಿಲ್ಲ. ಹೋಗಲಿ ಅನ್ನುವವರು ಆ ದಿನಗಳನ್ನು ನೆನಪಿಸಿಕೊಳ್ಳಿ.

ಮನೆ 31, ಬೆಳಗ್ಗೆ 7:09
ನಿಮ್ಮ ಪಿಜಿ ಊಟದ ಕಸವೂ ಅದೇ ಮೋರಿಗೆ ಬರುತ್ತದೆ, ಅದನ್ನೂ ಮಾತಾಡೋಣ.

ಪಿಜಿ ಮನೆ 12, ಬೆಳಗ್ಗೆ 7:10
ಮೇಡಂ, ಚಪ್ಪಡಿ ಮುರಿದಿದ್ದು ಬಸ್ಸು. ನನ್ನ ತಲೆಗೆ ಯಾಕೆ ಕಟ್ಟುತ್ತೀರಿ?

ಮನೆ 26, ಬೆಳಗ್ಗೆ 7:15
ಆ ಕಂಬಕ್ಕೂ ರಿಲೊಕೇಶನ್ ಆಯಿತು ನೋಡಿ, ಎರಡು ಅಡಿ ಪಕ್ಕಕ್ಕೆ 😂

ಮನೆ 31, ಬೆಳಗ್ಗೆ 7:16
ತಮಾಷೆ ಬೇಡ ಮರಿ. ರಾತ್ರಿಯಿಂದ ಇಲ್ಲಿ ಕಣ್ಣು ಮುಚ್ಚಿಲ್ಲ.

ಮನೆ 4, ಬೆಳಗ್ಗೆ 7:22
ಫಾರ್ವರ್ಡ್ ಆಗಿದ್ದು: ಎಲ್ಲಾ ಐಟಿ ಕಂಪನಿಗಳು ಮುಂದಿನ ತಿಂಗಳು ಬೆಂಗಳೂರು ಖಾಲಿ!! ಎಲ್ಲರಿಗೂ ಶೇರ್ ಮಾಡಿ!!

ಅಡ್ಮಿನ್, ಬೆಳಗ್ಗೆ 7:30
ಇದು ಸುಳ್ಳು, ದಯವಿಟ್ಟು ಅಳಿಸಿ. 2025ರ ಸೆಪ್ಟೆಂಬರಿನಲ್ಲಿ ಲಾರಿ ಸಾಗಣೆಯ ಆನ್‌ಲೈನ್ ಕಂಪನಿ ಬ್ಲ್ಯಾಕ್‌ಬಕ್‌ನ ಮುಖ್ಯಸ್ಥರು ಬೆಳ್ಳಂದೂರಿನ ಆಫೀಸು ಬಿಡುತ್ತೇವೆ, ಹೋಗಲಿಕ್ಕೇ ಒಂದೂವರೆ ಗಂಟೆ ಮೀರುತ್ತದೆ ಅಂತ ಬರೆದಿದ್ದರು. ಆಂಧ್ರದ ಸಚಿವ ನಾರಾ ಲೋಕೇಶ್ ಆ ಕೂಡಲೇ ವಿಶಾಖಪಟ್ಟಣಕ್ಕೆ ಕರೆದರು. ಬೆದರಿಕೆಗೆ ಬಗ್ಗುವುದಿಲ್ಲ ಅಂತ ಡಿ.ಕೆ. ಶಿವಕುಮಾರ್ ಹೇಳಿದರು. ಕೊನೆಗೆ ಕಂಪನಿಯೇ ನಾವು ಬೆಂಗಳೂರಿನೊಳಗೇ ಜಾಗ ಬದಲಿಸುತ್ತಿದ್ದೇವೆ ಅಂತ ಸ್ಪಷ್ಟ ಮಾಡಿತು. ಬಸ್ಸಿನ ವಿಷಯಕ್ಕೆ ಬರೋಣ. ಹೋದ ಸಲದ ಕಾಗದ ಮನೆ 7ರ ಅಂಕಲ್ ಹತ್ತಿರ ಇದೆ.

ಮನೆ 7, ಬೆಳಗ್ಗೆ 7:38
ಕಾಗದ ಇದೆ. ಆದರೆ ಮೊದಲು ಯಾರ ತಪ್ಪು ಅಂತ ತೀರ್ಮಾನ ಆಗಲಿ. ಇಷ್ಟೆಲ್ಲ ಕಂಪನಿ ಬಂದು ಕನ್ನಡದವರಿಗೆ ಎಷ್ಟು ಕೆಲಸ ಸಿಕ್ಕಿದೆ? 2024ರ ಜುಲೈನಲ್ಲಿ ಮಸೂದೆ ತಂದರು, ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70 ಸ್ಥಳೀಯರಿಗೆ ಅಂತ. ಸಂಪುಟ ಒಪ್ಪಿತು. ಉದ್ಯಮದವರು ಕೂಗಿದರು, ಎರಡೇ ದಿನದಲ್ಲಿ ತಡೆಹಿಡಿದರು. ಆಗಲೂ ಆಂಧ್ರದವರು ನಮ್ಮಲ್ಲಿಗೆ ಬನ್ನಿ ಅಂದರು. ಅದೇ ಆಂಧ್ರ 2019ರಲ್ಲಿ ಶೇ. 75 ಸ್ಥಳೀಯರಿಗೆ ಅಂತ ಕಾನೂನು ಮಾಡಿತ್ತು! ಯಾರು ಕೇಳಬೇಕು ಇದನ್ನು?

ಮನೆ 22, ಬೆಳಗ್ಗೆ 7:46
ಅಂಕಲ್, ನಾನೂ ಕನ್ನಡದವನೇ. ನನ್ನ ಟೀಮಿನಲ್ಲಿ ಕಲಬುರಗಿ, ಶಿವಮೊಗ್ಗದ ಹುಡುಗಿಯರಿದ್ದಾರೆ. ಕಂಪನಿ ಹುಬ್ಬಳ್ಳಿಗೆ ಬಂದರೆ ನಾನು ನಾಳೆಯೇ ಗಂಟುಮೂಟೆ ಕಟ್ಟುತ್ತೇನೆ. ಆದರೆ ಬೆಂಗಳೂರು ಬಿಟ್ಟ ಕಂಪನಿ ಹುಬ್ಬಳ್ಳಿಗೆ ಬರುತ್ತದಾ? ಹೈದರಾಬಾದಿಗೆ ಹೋಗುತ್ತದೆ. ಅಲ್ಲಿನ ಕಾಲೇಜಿನವರಿಗೆ ಕೆಲಸ ಸಿಗುತ್ತದೆ, ಹಾವೇರಿಯ ಹುಡುಗನಿಗೆ ಊರು ಇನ್ನೂ ದೂರ ಆಗುತ್ತದೆ.

ಮನೆ 15, ಬೆಳಗ್ಗೆ 8:10
ನಾನು ಲೆಕ್ಕಪತ್ರದವನು, ಏನು ಸಿಕ್ಕಿದೆ ಅಂತ ಮೇಡಂ ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಕಂಪನಿಯದಾಗಲಿ, ನೌಕರರದಾಗಲಿ, ಆದಾಯ ತೆರಿಗೆ ದೆಹಲಿಗೆ ಹೋಗುತ್ತದೆ. ಅಲ್ಲಿಂದ ಎಲ್ಲಾ ರಾಜ್ಯಗಳಿಗೆ ಹಂಚುವ ಹಣದಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇತ್ತು, 15ನೇ ಆಯೋಗದಲ್ಲಿ 3.647ಕ್ಕೆ ಇಳಿಯಿತು. ಹೊರದೇಶಕ್ಕೆ ಮಾಡುವ ಸಾಫ್ಟ್‌ವೇರ್ ಸೇವೆಗೆ ಜಿಎಸ್‌ಟಿ ಸೊನ್ನೆ. ವೃತ್ತಿ ತೆರಿಗೆ ತಲೆಗೆ ವರ್ಷಕ್ಕೆ 2,500 ರೂಪಾಯಿ ದಾಟುವ ಹಾಗಿಲ್ಲ, ಸಂವಿಧಾನದಲ್ಲೇ ಮಿತಿ ಇದೆ. ಹಾಗಾದರೆ ರಾಜ್ಯಕ್ಕೆ ಉಳಿಯುವುದು ಮುಖ್ಯವಾಗಿ ಆ ಸಂಬಳ ಇಲ್ಲಿ ಖರ್ಚಾಗುವುದರಿಂದ. ಬಾಡಿಗೆ, ಪೆಟ್ರೋಲು, ಹೋಟೆಲು, ಫ್ಲ್ಯಾಟ್ ರಿಜಿಸ್ಟ್ರೇಶನ್. ಅದು ಸಣ್ಣದಲ್ಲ. ಆದರೆ ಅದರಲ್ಲಿ ನಮ್ಮ ಮೋರಿಗೆ ಅಂತ ಏನೂ ಬರುವುದಿಲ್ಲ.

ಇನ್ನು ಕರೆಯುವ ರಾಜ್ಯದ ಕಡೆ ನೋಡಿ. 2025ರಲ್ಲಿ ವಿಶಾಖಪಟ್ಟಣದಲ್ಲಿ ಟಿಸಿಎಸ್‌ಗೆ 21.16 ಎಕರೆಯನ್ನು 99 ಪೈಸೆಗೆ ಕೊಟ್ಟರು. ಅಲ್ಲಿ 12,000 ಕೆಲಸದ ಮಾತಾದರೂ ಇದೆ. ಆಮೇಲೆ ಗೂಗಲ್ 15 ಬಿಲಿಯನ್ ಡಾಲರಿನ ಡೇಟಾ ಸೆಂಟರ್ ಘೋಷಿಸಿತು. ಅದಕ್ಕೆ 22,000 ಕೋಟಿ ರೂಪಾಯಿ ರಿಯಾಯಿತಿ ಕೊಡುತ್ತಿದ್ದಾರೆ ಅಂತ ನಮ್ಮ ಸಚಿವ ಪ್ರಿಯಾಂಕ್ ಖರ್ಗೆ ಹೇಳಿದರು. ಡೇಟಾ ಸೆಂಟರ್ ಕಟ್ಟುವಾಗ ಜನ ಬೇಕು, ಕಟ್ಟಿ ಮುಗಿದ ಮೇಲೆ ಜಾಸ್ತಿ ಬೇಕಾಗುವುದು ಕರೆಂಟು ಮತ್ತು ನೀರು. ಕಂಪನಿ ಬಿಟ್ಟು ಹೋದ ಊರಿನವರಿಗೆ ನಷ್ಟ ಅಂದ ಮಾತ್ರಕ್ಕೆ ಬಂದ ಊರಿನವರಿಗೆ ಅಷ್ಟೇ ಲಾಭ ಅಂತ ಅಲ್ಲ.

ಮನೆ 18 (ಮೇಲಿನ ಮಹಡಿ), ಬೆಳಗ್ಗೆ 8:31
ಸಾರ್, ನಾನು ಕಂಪನಿ ಕ್ಯಾಬ್ ಓಡಿಸುತ್ತೇನೆ, ವೆಂಡರ್ ಕೆಳಗೆ. ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ನೀವೆಲ್ಲ ಕಂಪನಿ, ಸರ್ಕಾರ ಅಂತ ಮಾತಾಡುತ್ತೀರಿ. ಕಂಪನಿ ಜಾಗ ಬದಲಿಸಿದರೆ ಇಂಜಿನಿಯರ್‌ಗೆ ಶಿಫ್ಟಿಂಗ್ ದುಡ್ಡು ಕೊಡುತ್ತಾರೆ, ಇಲ್ಲ ಮನೆಯಿಂದ ಮಾಡಿ ಅನ್ನುತ್ತಾರೆ. ನಮಗೆ? ಹೌಸ್‌ಕೀಪಿಂಗ್ ಅಕ್ಕಂದಿರಿಗೆ, ಸೆಕ್ಯುರಿಟಿಯವರಿಗೆ, ಕ್ಯಾಂಟೀನ್ ಹುಡುಗರಿಗೆ? ನಾವು ಆ ಕಂಪನಿಯ ಪಟ್ಟಿಯಲ್ಲೇ ಇಲ್ಲ. ನನ್ನ ಹಳೆಯ ಕಂಪನಿ ಬೇರೆ ಕಡೆ ಹೋಗಿ ಕಾಂಟ್ರಾಕ್ಟ್ ಮುಗಿದಾಗ ಸೂಪರ್‌ವೈಸರ್ ಫೋನಿನಲ್ಲಿ ನಾಳೆಯಿಂದ ಬರಬೇಡ ಅಂದ, ಅಷ್ಟೇ. ಗಾಡಿ ಲೋನು ನನ್ನ ಹೆಸರಿನಲ್ಲೇ ಇತ್ತು. ಮತ್ತೆ ಆ ಬಸ್ ಡ್ರೈವರ್ ಬಗ್ಗೆ ಒಂದು ಮಾತು. ಸಮಯಕ್ಕೆ ತಲುಪದಿದ್ದರೆ ಅವನ ದುಡ್ಡಿನಲ್ಲಿ ಕಟ್ ಆಗುತ್ತದೆ. ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಗಾಡಿ ಕೊಡಲೇಬೇಕು ಅಂತ ನಿಯಮ ಇದೆ, ಅದು ಒಳ್ಳೆಯದೇ, ಆದರೆ ಯಾವ ರಸ್ತೆಯಲ್ಲಿ ಹೋಗಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಮ್ಯಾಪ್ ನಮ್ಮ ಮೇನ್ ತೋರಿಸುತ್ತದೆ, ಬರುತ್ತಾರೆ.

ಮನೆ 31, ಬೆಳಗ್ಗೆ 8:40
ಅಣ್ಣ, ಡ್ರೈವರ್ ಮೇಲೆ ನನಗೆ ದ್ವೇಷ ಇಲ್ಲ. ಅವನಿಗೂ ಮನೆ ಮಠ ಇರುತ್ತದೆ. ಆದರೆ ನಮ್ಮ ರಸ್ತೆ ಹಾಳಾದರೆ ಬೇರೆ ರಾಜ್ಯಕ್ಕೆ ಹೋಗುತ್ತೇನೆ ಅಂತ ನಾನು ಯಾರನ್ನು ಹೆದರಿಸಲಿ? ಅವರು ಒಂದು ಪೋಸ್ಟ್ ಹಾಕಿದರೆ ಮಂತ್ರಿಗಳು ಉತ್ತರ ಕೊಡುತ್ತಾರೆ. 2022ರಲ್ಲಿ ರಿಂಗ್ ರೋಡ್ ಮುಳುಗಿದಾಗ ಒಂದೇ ದಿನಕ್ಕೆ 225 ಕೋಟಿ ನಷ್ಟ ಅಂತ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಕಾಗದ ಬರೆಯಿತು, ದೇಶವೆಲ್ಲ ಮಾತಾಡಿತು. ಅದೇ ನೀರು ನಮ್ಮ ಕೆಳಗಿನ ಮನೆಗಳಿಗೂ ನುಗ್ಗಿತ್ತು. ಇಲ್ಲಿನ ಹಾಸಿಗೆ, ಅಕ್ಕಿಮೂಟೆ, ಮಕ್ಕಳ ಪುಸ್ತಕದ ಲೆಕ್ಕವನ್ನು ಯಾರು ಬರೆದರು?

ಮನೆ 7, ಬೆಳಗ್ಗೆ 8:44
ನಾನು ಬರೆದಿದ್ದೆ. ಸಹಿ ಹಾಕಲು ಯಾರೂ ಬರಲಿಲ್ಲ.

ಪಿಜಿ ಮನೆ 12, ಬೆಳಗ್ಗೆ 8:45
ನಾನು ಹಾಕಿದ್ದೆ ಅಂಕಲ್. ಸುಮ್ನೆ ಯಾರೂ ಬರಲಿಲ್ಲ ಅನ್ನಬೇಡಿ.

ಮನೆ 7, ಬೆಳಗ್ಗೆ 8:52
ನೀವು ಹಾಕಿದ್ದು ಪಾರ್ಕಿಂಗ್ ಕಾಗದಕ್ಕೆ. ಪ್ರವಾಹದ ಕಾಗದವೇ ಬೇರೆ. ನನ್ನ ಫೈಲಿನಲ್ಲಿ ಎರಡೂ ಇವೆ, ಬಂದು ನೋಡಿ. ಮತ್ತೊಂದು ವಿಷಯ, ದೇವನಹಳ್ಳಿ ಹತ್ತಿರ ಚನ್ನರಾಯಪಟ್ಟಣದ ರೈತರು ಮೂರು ವರ್ಷ ದಾಟಿ ಕೂತರು, ಏರೋಸ್ಪೇಸ್ ಪಾರ್ಕಿಗೆ ಅಂತ ಇದ್ದ 1,777 ಎಕರೆ ಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಆ ಕೂಡಲೇ ಪಕ್ಕದ ರಾಜ್ಯದವರು ಕಂಪನಿಗಳಿಗೆ ನಮ್ಮಲ್ಲಿ 8,000 ಎಕರೆ ಇದೆ ಬನ್ನಿ ಅಂದರು. ಆ ರೈತರು ಒಟ್ಟಾಗಿ ಕೂತರು, ಬಗ್ಗಲಿಲ್ಲ. ನಾವು ಒಂದು ಚಪ್ಪಡಿಗೆ ಒಟ್ಟಾಗುವುದಿಲ್ಲ.

ಅಡ್ಮಿನ್, ಬೆಳಗ್ಗೆ 9:05
ಸರಿ, ಕೆಲಸದ ಮಾತು. ಎರಡು ಬೇಡಿಕೆ ಬರೆಯೋಣ. ಒಂದು, ರಾತ್ರಿ ಬಸ್ಸುಗಳು ಸರ್ವಿಸ್ ರೋಡಿನಲ್ಲೇ ನಿಲ್ಲಬೇಕು, ಒಳಗೆ ಸಣ್ಣ ಗಾಡಿ ಮಾತ್ರ. ಎರಡು, 4ನೇ ಮೇನ್ ಬಾಯಿಯಲ್ಲಿ ಕಬ್ಬಿಣದ ಕಮಾನು, ಎತ್ತರದ ಗಾಡಿ ಬರದ ಹಾಗೆ. ಸಂಜೆ ಆರಕ್ಕೆ ಪಾರ್ಕಿನಲ್ಲಿ ಸಹಿ.

ಮನೆ 31, ಬೆಳಗ್ಗೆ 9:06
ನಾನು ಮೊದಲ ಸಹಿ.

ಮನೆ 22, ಬೆಳಗ್ಗೆ 9:11
ನಾನೂ ಬರುತ್ತೇನೆ. ಆಫೀಸಿನ ಟ್ರಾನ್ಸ್‌ಪೋರ್ಟ್ ಡೆಸ್ಕಿಗೂ ಮೇಲ್ ಹಾಕುತ್ತೇನೆ.

ಮನೆ 9, ಬೆಳಗ್ಗೆ 9:20
ಕಮಾನು ಹಾಕಿದರೆ ನೀರಿನ ಟ್ಯಾಂಕರ್ ಹೇಗೆ ಬರುತ್ತದೆ?

ಅಡ್ಮಿನ್, ಬೆಳಗ್ಗೆ 9:24
ಅದನ್ನು ಯೋಚಿಸಿರಲಿಲ್ಲ.

ಮನೆ 9, ಬೆಳಗ್ಗೆ 9:25
ನಮ್ಮ ಬೋರ್ ಬತ್ತಿದೆ. ದಿನ ಬಿಟ್ಟು ದಿನ ಟ್ಯಾಂಕರ್. ಕಮಾನಿಗೆ ನಾನು ಸಹಿ ಹಾಕುವುದಿಲ್ಲ.

ಪಿಜಿ ಮನೆ 12, ಬೆಳಗ್ಗೆ 9:27
ನಾನೂ ಹಾಕುವುದಿಲ್ಲ. ನನಗೆ ದಿನಕ್ಕೆ ಎರಡು ಟ್ಯಾಂಕರ್ ಬೇಕು.

ಮನೆ 15, ಬೆಳಗ್ಗೆ 9:35
ಹಾಗಾದರೆ ಕಾವೇರಿ ಕನೆಕ್ಷನ್ ತೆಗೆದುಕೊಳ್ಳಿ. ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ ಅಂತಲೇ ಕಾವೇರಿ 5ನೇ ಹಂತ ಬಂದಿದ್ದು, 2024ರ ಅಕ್ಟೋಬರಿನಲ್ಲಿ ಉದ್ಘಾಟನೆ ಆಯಿತು, ದಿನಕ್ಕೆ 775 ದಶಲಕ್ಷ ಲೀಟರ್. ಪೈಪು ನಮ್ಮ 2ನೇ ಕ್ರಾಸ್‌ವರೆಗೂ ಹಾಕಿದ್ದಾರೆ. ಟ್ಯಾಂಕರ್ ನಿಂತರೆ ಕಮಾನು ಹಾಕಬಹುದು.

ಮನೆ 9, ಬೆಳಗ್ಗೆ 9:38
ಡಿಪಾಸಿಟ್ ಎಷ್ಟಾಗುತ್ತದೆ? ಮಹಡಿ ಲೆಕ್ಕವೋ, ಸೈಟ್ ಲೆಕ್ಕವೋ?

ಮನೆ 7, ಬೆಳಗ್ಗೆ 9:41
ನಾನು ಅರ್ಜಿ ಹಾಕಿ ಇಟ್ಟಿದ್ದೇನೆ, ನನ್ನನ್ನು ಕೇಳಿ. ಒಬ್ಬೊಬ್ಬರೇ ಓಡಾಡುವ ಬದಲು ಎಲ್ಲರ ಪತ್ರ ಒಟ್ಟಿಗೆ ಕೊಡೋಣ. ಖಾತಾ ಜೆರಾಕ್ಸ್, ಕಂದಾಯದ ರಸೀದಿ, ಆಧಾರ್ ತನ್ನಿ.

ಮನೆ 31, ಬೆಳಗ್ಗೆ 9:43
ಬಸ್ಸಿನ ಕಾಗದ?

ಅಡ್ಮಿನ್, ಬೆಳಗ್ಗೆ 9:50
ಅದನ್ನೂ ತರುತ್ತೇವೆ ಮೇಡಂ. ಸಂಜೆ ಆರಕ್ಕೆ ಕಾವೇರಿ ಪಟ್ಟಿ ಮೊದಲು ಮುಗಿಸೋಣ. ಬೇಕಾದವರು ಮನೆ ನಂಬರ್ ಹಾಕಿ.

ಮನೆ 9, ಬೆಳಗ್ಗೆ 9:51
9

ಪಿಜಿ ಮನೆ 12, ಬೆಳಗ್ಗೆ 9:51
12. ಪಿಜಿಗೆ ದರ ಬೇರೆಯಾ ಅಂಕಲ್?

ಮನೆ 4, ಬೆಳಗ್ಗೆ 9:53
4. ನೀರು ಉಳಿಸಿ ಅಂತ ಒಂದು ಒಳ್ಳೆ ವಿಡಿಯೋ ಇದೆ, ಕಳಿಸುತ್ತೇನೆ.

ಮನೆ 18 (ಮೇಲಿನ ಮಹಡಿ), ಬೆಳಗ್ಗೆ 9:58
ನಾವು ಬಾಡಿಗೆಯವರು. ಓನರ್ ಹೈದರಾಬಾದಿನಲ್ಲಿದ್ದಾರೆ, ಮಧ್ಯಾಹ್ನ ಫೋನ್ ಮಾಡಿ ಕೇಳಿ ಹೇಳುತ್ತೇನೆ.