ಶನಿವಾರ ದೇವರಾಯನದುರ್ಗ, ಸಂಜೆ ರಾಜ್ಯೋತ್ಸವ, ಭಾನುವಾರ ಗೂಳೂರು ಜೊತೆಗೆ 80 ಜನರ ಊಟ: ಹೊಂದಿಸೋದು ಹೇಗೆ?

ಬಟವಾಡಿ ಮನೆ:
ನವೆಂಬರ್‌ನ ಒಂದು ವಾರಾಂತ್ಯ. ಶನಿವಾರ ನಮ್ಮ ತುಮಕೂರು ಪಕ್ಕದ ದೇವರಾಯನದುರ್ಗ, ನಾಮದ ಚಿಲುಮೆ. ಅವತ್ತೇ ಸಂಜೆ ಬಡಾವಣೆಯ ರಾಜ್ಯೋತ್ಸವ, ಮಕ್ಕಳ ರಂಗೋಲಿ ಸ್ಪರ್ಧೆ ನಮ್ಮ ಪಾಲಿಗೆ ಬಂದಿದೆ. ಭಾನುವಾರ ಬೆಳಗ್ಗೆ ಗೂಳೂರು ಗಣಪ, ಕೈದಾಳದ ಚೆನ್ನಕೇಶವ ಗುಡಿ. ಮಧ್ಯಾಹ್ನ 80 ಜನಕ್ಕೆ ಬಿಸಿಬೇಳೆಬಾತ್, ಮೊಸರನ್ನ ನಾವೇ ಮಾಡಬೇಕು. ಮಂಡಿನೋವಿನ ಅತ್ತೆ, ಇಬ್ಬರು ಚಿಕ್ಕ ಮಕ್ಕಳು ಜೊತೆಗಿರ್ತಾರೆ. ಏನು ಬಿಡೋದು? ಅಡುಗೆ ಅಳತೆಯೂ ಹೇಳಿ.

ಕ್ಯಾತ್ಸಂದ್ರದವರು:
ಏನೂ ಬಿಡಬೇಡಿ, ಗೂಳೂರು-ಕೈದಾಳನ ಭಾನುವಾರ ಸಂಜೆಗೆ ತಳ್ಳಿ. ಒಲೆ ಹಚ್ಚೋ ಹೊತ್ತಿಗೆ ಊರ ಆ ತುದಿಯಲ್ಲಿದ್ರೆ ಊಟ ಮೂರು ಗಂಟೆಗೇ.

ಶನಿವಾರ ಆರೂವರೆಗೆ ಹೊರಡಿ. ಬಿಸಿಲೇರೋ ಮುಂಚೆ ಬೆಟ್ಟ, ಇಳೀತಾ ಚಿಲುಮೆ. ಭೋಗನರಸಿಂಹನ ಗುಡಿ ಕೆಳಗೇ ಇದೆ, ಅತ್ತೆಯವರಿಗೆ ಕಷ್ಟ ಇಲ್ಲ. ಮೇಲಿನ ಯೋಗನರಸಿಂಹನಿಗೆ ಕಾರು ಬಿಟ್ಟ ಮೇಲೂ ಮೆಟ್ಟಿಲು ಹತ್ತಬೇಕು, ಅವರನ್ನ ಕೆಳಗೇ ಕೂರಿಸಿ. ಮಕ್ಕಳ ಕೈಲಿ ತಿಂಡಿ ಪೊಟ್ಟಣ ಬೇಡ, ಕೋತಿ ಕಿತ್ಕೊಳ್ಳುತ್ತೆ. ಚಿಲುಮೆಯಲ್ಲಿ ಬಂಡೆಯೊಳಗಿಂದ ನೀರು ಬರೋ ಗುಂಡಿ ಅಂಗೈಯಗಲ ಅಷ್ಟೇ, ಮಕ್ಕಳಿಗೆ ಬಗ್ಗಿ ತೋರಿಸಬೇಕು. ಪಕ್ಕದಲ್ಲೇ ಜಿಂಕೆವನ. ಹನ್ನೊಂದೂವರೆಗೆ ಮನೇಲಿರಿ.

ಭಾನುವಾರ ನಾಲ್ಕಕ್ಕೆ ಮೊದಲು ಕೈದಾಳ, ಆಮೇಲೆ ಗೂಳೂರು. ಕೆತ್ತನೆ ನೋಡೋಕೆ ಬೆಳಕು ಬೇಕು, ಗಣಪನ ಮುಂದೆ ದೀಪ ಇರುತ್ತೆ. ಚೌತಿಗೆ ಮಣ್ಣು ತಂದು ಕಟ್ಟೋಕೆ ಶುರು ಮಾಡೋ ಗಣಪ ಅದು, ಬಲಿಪಾಡ್ಯಮಿಗೆ ಪ್ರತಿಷ್ಠಾಪನೆ, ಕಾರ್ತಿಕ ಪೂರ್ತಿ ಪೂಜೆ. ಹೋಗೋ ಮುಂಚೆ ಕ್ಯಾಲೆಂಡರ್ ನೋಡಿ: ಕಾರ್ತಿಕ ಮುಗಿಯೋ ಅಮಾವಾಸ್ಯೆ ಕಳೆದಿದ್ರೆ ವಿಸರ್ಜನೆ ಆಗಿರಬಹುದು. ವಿಸರ್ಜನೆ ದಿನವೇ ಸಿಕ್ಕಿದ್ರೆ ಕಾರು ದೂರದಲ್ಲೇ ನಿಲ್ಲಿಸಬೇಕಾಗುತ್ತೆ.

ಒಗ್ಗರಣೆ ಅಕ್ಕ:
ಅಳತೆ ಬರ್ಕೊಳ್ಳಿ. ಜೊತೆಗೆ ಮೊಸರನ್ನ ಇರೋದ್ರಿಂದ ಬಾತ್‌ಗೆ ಅಕ್ಕಿ 4 ಕೆಜಿ, ತೊಗರಿಬೇಳೆ 2 ಕೆಜಿ, ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಬಟಾಣಿ ಸೇರಿ 4 ಕೆಜಿ. ಹುಣಸೆಹಣ್ಣು 300 ಗ್ರಾಂ, ಬಾತ್ ಪುಡಿ 400ರಿಂದ 450, ಬೆಲ್ಲ 200, ತುಪ್ಪ ಮುಕ್ಕಾಲು ಕೆಜಿ, ಒಗ್ಗರಣೆಗೆ ಕಡ್ಲೇಬೀಜ ಅರ್ಧ ಕೆಜಿ. ಉಪ್ಪು 350 ಗ್ರಾಂ ಹಾಕಿ ರುಚಿ ನೋಡಿ ಏರಿಸಿ. ನೀರು ಒಟ್ಟು 30 ಲೀಟರ್ ಹತ್ತಿರ.

ಬೇಳೆ ಅರಿಶಿನ, ಎಣ್ಣೆ ಹಾಕಿ ಪೂರ್ತಿ ಬೆಂದ ಮೇಲೆ ಅಕ್ಕಿ, ತರಕಾರಿ. ಅವೂ ಬೆಂದ ಮೇಲೇ ಹುಳಿ. ತಪ್ಪಾಗೋದು ಇಲ್ಲೇ: ಹುಳಿ ಮುಂಚೆ ಬಿದ್ರೆ ಬೇಳೆ ಬಿಗಿದುಕೊಳ್ಳುತ್ತೆ, ಎಷ್ಟು ಕುದಿಸಿದ್ರೂ ಕಾಳುಕಾಳಾಗೇ ಇರುತ್ತೆ. ಪುಡೀನ ನೀರಲ್ಲಿ ಕಲಸಿ ಹಾಕಿ, ಒಣದಾಗಿ ಸುರಿದ್ರೆ ಗಂಟು. ಬಾಡಿಗೆಗೆ ತರೋ ಹಿತ್ತಾಳೆ ಪಾತ್ರೆ ಒಳಗೆ ಕಲಾಯಿ ಇದೆಯಾ ನೋಡಿ. ಹಳದಿ ಕಂಡ ಕಡೆ ಹುಳಿ ತಾಗಿದ್ರೆ ಕಿಲುಬು, ಅಂಥ ಪಾತ್ರೆ ವಾಪಸ್ ಕೊಡಿ. ಒಲೆಯಿಂದ ಇಳಿಸಿದ ಮೇಲೂ ಬಾತ್ ಗಟ್ಟಿ ಆಗ್ತಾನೇ ಇರುತ್ತೆ. 4-5 ಲೀಟರ್ ಕುದಿಯೋ ನೀರು ಪಕ್ಕದಲ್ಲಿರಲಿ, ತಣ್ಣೀರು ಹಾಕ್ಲೇಬೇಡಿ.

ಮೊಸರನ್ನಕ್ಕೆ ಅಕ್ಕಿ 3 ಕೆಜಿ, ಹಾಲು 4 ಲೀಟರ್, ಮೊಸರು 3 ಲೀಟರ್. ಅನ್ನ ಮೆತ್ತಗೆ ಮಾಡಿ ಬಿಸೀಲೇ ಮಸೆದು ಹಾಲು ಕಲಸಿಡಿ. ಮೊಸರು ಬಡಿಸೋ ಅರ್ಧ ಗಂಟೆ ಮುಂಚೆ. ಬೆಳಗ್ಗೇನೇ ಕಲಸಿದ್ರೆ ಮಧ್ಯಾಹ್ನಕ್ಕೆ ಹುಳಿ, ಬಿಸಿ ಅನ್ನಕ್ಕೆ ಹಾಕಿದ್ರೆ ಒಡೆಯುತ್ತೆ.

ಮನೆ ಸಿಲಿಂಡರ್ ಬೇಡ, 19 ಕೆಜಿಯದ್ದು ತರಿಸಿ. ದೊಡ್ಡ ಬರ್ನರ್‌ಗೆ ಚಿಕ್ಕದು ಹಚ್ಚಿದ್ರೆ ಅದರ ಮೈ ಹಿಮದ ಹಾಗೆ ತಣ್ಣಗಾಗಿ ಉರಿ ಸೊರಗುತ್ತೆ. ಹುಣಸೆ ನೆನೆಹಾಕೋದು, ತರಕಾರಿ ಹೆಚ್ಚೋದು ಶನಿವಾರ ರಾತ್ರಿ.

ಬಟವಾಡಿ ಮನೆ:
ಅಕ್ಕ, ಪುಡಿ ಅಂಗಡೀದು ಆಗುತ್ತಾ?

ಒಗ್ಗರಣೆ ಅಕ್ಕ:
ಆಗುತ್ತೆ. ಕೆಲವಕ್ಕೆ ಉಪ್ಪು ಮೊದಲೇ ಸೇರಿರುತ್ತೆ, ಪ್ಯಾಕೆಟ್ ಹಿಂದೆ ಓದಿ. ಇದ್ರೆ ಉಪ್ಪು 250ರಿಂದ ಶುರು ಮಾಡಿ.

ಚುಕ್ಕಿ ರಂಗೋಲಿ:
ಸ್ಪರ್ಧೆ ನಾಲ್ಕಕ್ಕೇ ಶುರು ಮಾಡಿ, ಆರರ ಹೊತ್ತಿಗೆ ಕತ್ತಲಾಗ್ತಾ ಬರುತ್ತೆ. ಒಂದು ಮಗುವಿಗೆ 3 ಅಡಿ ಚೌಕ, ನಡುವೆ ಓಡಾಡೋಕೆ 2 ಅಡಿ, 45 ನಿಮಿಷ. ಡಾಂಬರಿನ ಮೇಲೆ ಗೆರೆ ಒಡೆಯುತ್ತೆ, ಸಿಮೆಂಟ್ ನೆಲ ಹುಡುಕಿ. ನೀರು ಚಿಮುಕಿಸಿ ಪಸೆ ಆರುವಾಗ ಹಾಕ್ಸಿ, ಒದ್ದೆ ಜಾಸ್ತಿ ಇದ್ರೆ ಬಣ್ಣ ಹರಡುತ್ತೆ. ಹಿಂಗಾರು ಮಳೆ ಸಂಜೆಗೇ ಬರೋದು, ಒಂದು ಟಾರ್ಪಾಲು ಕಟ್ಟಿಡಿ.

ಬಾವುಟದಲ್ಲಿ ಹಳದಿ ಮೇಲಿರಲಿ, ಅವಸರದಲ್ಲಿ ತಲೆಕೆಳಗಾಗೋದುಂಟು. ನಾಡಗೀತೆಗೆ 2022ರ ಆದೇಶದಂತೆ 2 ನಿಮಿಷ 30 ಸೆಕೆಂಡ್, ಮೈಸೂರು ಅನಂತಸ್ವಾಮಿ ಧಾಟಿ. ಮಕ್ಕಳಿಗೆ ಅದನ್ನೇ ಕಲಿಸಿ, ಹಳೇ ಉದ್ದದ ರೆಕಾರ್ಡಿಂಗ್ ಹಾಕಿದ್ರೆ ನಡುವೇನೇ ಹೊಂದಾಣಿಕೆ ತಪ್ಪುತ್ತೆ.